ಎಂಟನೆಯವನು

ಫೆಬ್ರುವರಿ ೨

ಪುಟ್ಟಿ,

ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದ ಮೇಲೆ ನನಗೆ ಉಳಿದದ್ದು ಈ ಕಾಗದವೊಂದೇ. ಅಂಚೆ ಕಚೇರಿಯಲ್ಲಿ ಸ್ಟಾಂಪ್ ಕೇಳಿದರೆ ಅಲ್ಲಿ ಕೂತಿದ್ದ ಹುಡುಗಿ ನನ್ನನ್ನು ನಮ್ಮ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಿಂದ ಎದ್ದು ಬಂದವಳ ಹಾಗೆ ನೋಡಿದಳು. ಇದನ್ನು ಒಡೆಯದೆ ಡ್ರಾಯರಿಗೆ ಹಾಕಿಬಿಡಬೇಡ. ಓದು, ಆಮೇಲೆ ಬೇಕಾದರೆ ಹರಿ.

ಅವತ್ತು ನಡೆದದ್ದನ್ನು ನೀನು ನಿನ್ನ ಕಿವಿಯಾರೆ ಕೇಳಿದ್ದೀಯ. ನನ್ನ ಕಡೆಯಿಂದಲೂ ಒಂದು ಸಲ ಕೇಳು. ನಾನು ಎಂಟೆಂಟು ಜನರನ್ನು ಕರೆದುಕೊಂಡು ಹೋಗುವವಳು. ದೊಡ್ಡ ದಂಡು ಕಟ್ಟಿಕೊಂಡು, ಬಾವುಟ ಹಿಡಿದು ಕಿರುಚುವ ಗೈಡ್ ನಾನಲ್ಲ ಎಂಬ ಜಂಬ ಮೊದಲಿನಿಂದಲೂ ಇದೆ. ಎಂಟು ಜನರ ಕಿವಿಗೆ ಎಂಟು ಇಯರ್‌ಫೋನ್, ನನ್ನ ಕಾಲರಿಗೆ ಒಂದು ಮೈಕ್. ನಾನು ಪಿಸುಗುಟ್ಟಿದರೂ ಪ್ರತಿಯೊಬ್ಬರಿಗೂ ತನ್ನೊಬ್ಬನಿಗೇ ಹೇಳಿದ ಹಾಗೆ ಕೇಳಬೇಕು, ಅದೇ ನಮ್ಮ ಕಂಪನಿಯ ಹೆಚ್ಚುಗಾರಿಕೆ. ನಡುವೆ ಒಂದು ಸಲ ಅಂಗಳದಲ್ಲಿ ನೀರು ಕುಡಿಯಲು ಬಿಡುತ್ತೇವೆ. ಆಗ ಹೆಬ್ಬೆರಳು ತಾನಾಗಿ ಹೋಗಿ ಮೈಕಿನ ಗುಂಡಿ ಒತ್ತುತ್ತದೆ. ಅವತ್ತೂ ಒತ್ತಿತು. ದೀಪ ಆರಿತೋ ಇಲ್ಲವೋ ನಾನು ನೋಡಲಿಲ್ಲ. ನೋಡದೆ ಇದ್ದದ್ದಕ್ಕೆ ಕಾರಣ ನೀನೇ. ಕಲ್ಲುಬೆಂಚಿನ ಮೇಲೆ, ನೀನು ಮದುವೆಯಾಗುತ್ತೇನೆ ಎನ್ನುವ ಆ ಲಿಫ್ಟ್ ರಿಪೇರಿಯವನ ಪಕ್ಕ ಕೂತು ಇಬ್ಬರೂ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದಿರಿ. ನನ್ನ ಕಣ್ಣು ಅಲ್ಲೇ ನೆಟ್ಟಿತ್ತು.

ಬ್ಯಾಗು ಕೋಟು ಇಡುವ ಕೌಂಟರಿನವಳು ನನಗೆ ಎಷ್ಟು ಬೇಕಾದವಳು ಎಂದು ನಿನಗೆ ಗೊತ್ತು. ಅವಳ ಮುಂದೆ ನಾಲಿಗೆ ಹರಿಬಿಟ್ಟೆ. ಅಂಗಳದ ಆಚೆ ಬದಿಯಲ್ಲಿ ಎಂಟೂ ಜನ ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಕನಸು ಬಿದ್ದಿತ್ತೇ? ತಿರುಗಿದರೆ ಯಾರ ಬಾಟಲಿಯೂ ಮೇಲಕ್ಕೇಳುತ್ತಿರಲಿಲ್ಲ. ಕೋಲು ಹಿಡಿದಿದ್ದ ಅಜ್ಜಿ ರಸ್ತೆ ಅಪಘಾತ ನೋಡುವವರ ಹಾಗೆ ನನ್ನನ್ನು ನೋಡುತ್ತಿದ್ದರು. ನೀನು ಎದ್ದು ನಿಂತಿದ್ದೆ. ಅವನು ಕಿವಿಯಿಂದ ಇಯರ್‌ಫೋನ್ ತೆಗೆದು, ವೈರು ಸಿಕ್ಕಾಗದ ಹಾಗೆ ನಿಧಾನವಾಗಿ ಸುತ್ತಿ, ಬೆಂಚಿನ ಮೇಲಿಟ್ಟ. ನೀನು ಅವನ ತೋಳು ಹಿಡಿದು ಹೊರಬಾಗಿಲಿನ ಕಡೆ ನಡೆದುಬಿಟ್ಟೆ. ಉಳಿದ ಆರು ಜನರಿಗೆ ಮಿಕ್ಕ ಕೋಣೆಗಳಲ್ಲಿ ನಾನು ಏನು ಹೇಳಿದೆನೋ ದೇವರಿಗೇ ಗೊತ್ತು.

ತಪ್ಪಾಯಿತು ಎಂದು ಬರೆಯಲೆಂದೇ ಕೂತೆ. ಆದರೆ ನಾನು ಹೇಳಿದ್ದು ಹೊಟ್ಟೆಯಲ್ಲಿ ಇದ್ದದ್ದನ್ನೇ ಹೊರತು ಇಲ್ಲದ್ದನ್ನಲ್ಲ. ನಿಮ್ಮಿಬ್ಬರ ಎದುರು ಹಲ್ಲು ಕಿರಿಯುತ್ತಾ ಒಳಗೊಂದು ಹೊರಗೊಂದು ಇಟ್ಟುಕೊಂಡಿದ್ದರೆ ಚೆನ್ನಾಗಿತ್ತೇ? ಕಾಗದ ಬರೆ.

ನಿನ್ನ ಅಮ್ಮ

&nbsp;

ಫೆಬ್ರುವರಿ ೨೩

ಪುಟ್ಟಿ,

ನಿನ್ನ ಕಾಗದ ಬಂದಿಲ್ಲ. ದಿನಕ್ಕೆ ಎಷ್ಟು ಸಲ ಮೆಟ್ಟಿಲಿಳಿದು ಅಂಚೆಪೆಟ್ಟಿಗೆ ನೋಡಿ ಬರುತ್ತೇನೆ ಎಂದರೆ, ಕೆಳಗಿನ ಅಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ, ಗಂಡು ನೋಡೋಕೆ ಬರ್ತಿದಾರಾ ನಿಮ್ಮನ್ನ, ಎಂದು ಕೇಳಿದ. ನಗು ಬರಲಿಲ್ಲ.

ಕೂತಲ್ಲಿ ಕೂರಲು ಆಗುತ್ತಿಲ್ಲ. ಮನೆಯಲ್ಲಿ ಒಲೆ ಮೇಲೆ ಹಾಲಿಟ್ಟು ಕಿಟಕಿ ಒರೆಸಲು ಹೋಗುತ್ತೇನೆ, ಕಿಟಕಿ ಅರ್ಧಕ್ಕೆ ಬಿಟ್ಟು ಬಟ್ಟೆ ಮಡಿಸಲು ಹೋಗುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಕೆಲಸದಲ್ಲೂ ಹಾಗೇ. ಚಿನ್ನದ ರೇಕಿನ ಹಳೆಯ ದೇವದೂತರ ಮುಂದೆ ಜನ ಬಾಯಿ ತೆರೆದು ನಿಂತಿರುವಾಗಲೇ ನಾನು ಮುಂದಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿರುತ್ತೇನೆ. ಮೊನ್ನೆ ಒಬ್ಬರು, ಮೇಡಂ, ರೈಲು ಹಿಡೀಬೇಕಾ, ಎಂದರು. ಮುಖಕ್ಕೆ ಹೊಡೆದ ಹಾಗಾಯಿತು.

ಮ್ಯಾನೇಜರ್ ಕರೆದಿದ್ದ. ಅವತ್ತಿನ ಗುಂಪಿನಲ್ಲಿ ಯಾರೋ ದೂರು ಬರೆದಿದ್ದಾರೆ. ಗೈಡಿನ ಮನೆ ವಿಷಯ ಟಿಕೆಟ್ಟಿನಲ್ಲಿ ಸೇರಿರಲಿಲ್ಲವಂತೆ. ನಿನಗಿಂತ ಚಿಕ್ಕವನು ಅವನು, ನನ್ನೆದುರು ಗಂಭೀರವಾಗಿ ಕೂತು ನನ್ನ ಮೈಕಿಗೆ ಕೆಂಪು ಸ್ಟಿಕ್ಕರ್ ಅಂಟಿಸಿದ. ಬೇರೆ ಯಾರ ಮೈಕಿಗೂ ಇಲ್ಲ. ಈಗ ನೀರಿನ ಹೊತ್ತಿಗೆ ಗುಂಡಿಯನ್ನು ಒತ್ತಿ, ನೋಡಿ, ಮತ್ತೆ ಒತ್ತಿ, ಹತ್ತಿದ್ದನ್ನು ಕಂಡು ಮತ್ತೆ ಆರಿಸುತ್ತೇನೆ. ಉಳಿದ ಗೈಡ್‌ಗಳು ನನ್ನನ್ನು ಕಂಡರೆ ತಮ್ಮ ಕಾಲರ್ ಮುಟ್ಟಿಕೊಂಡು ನಗುತ್ತಾರೆ.

ಕೌಂಟರಿನವಳು ದಿನವೂ ಒಂದೇ ಮಾತು ಹೇಳುತ್ತಾಳೆ. ತಪ್ಪಾಯಿತು ಅಂತ ಒಂದು ಸಾಲು ಬರೆ, ಮುಂದೆ ಏನೂ ಬರೆಯಬೇಡ, ಪೆನ್ನು ಕೆಳಗಿಡು ಎಂದು. ಸರಿ. ತಪ್ಪಾಯಿತು.

ಆದರೆ ಒಂದು ಮಾತು ಕೇಳುತ್ತೇನೆ. ಮಾತಾಡದ ಗಂಡಸನ್ನು ಕಂಡರೆ ನನಗೆ ಯಾಕೆ ಹೆದರಿಕೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಹೇಳಲೂ ಬಾರದೆ?

ನಿನ್ನ ಅಮ್ಮ

&nbsp;

ಮಾರ್ಚ್ ೮

ಅಮ್ಮಾ,

ನಿನ್ನ ಎರಡೂ ಕಾಗದ ಓದಿದೆ. ಎರಡರಲ್ಲೂ ‘ತಪ್ಪಾಯಿತು’ ಎಂಬುದರ ಪಕ್ಕದಲ್ಲೇ ‘ಆದರೆ’ ಎಂದು ಇದೆ. ಫೋನಿನಲ್ಲಿ ನಿನಗೆ ಎದುರು ಮಾತಾಡಲು ಸಂದು ಸಿಗುವುದಿಲ್ಲ, ಅದಕ್ಕೇ ಎತ್ತುತ್ತಿಲ್ಲ. ಕಾಗದವೇ ಇರಲಿ. ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವ ಹಾಗಿಲ್ಲ.

ನೀನು ಅಂದದ್ದನ್ನು ನೀನು ಬರೆಯಲಿಲ್ಲ. ನಾನು ಬರೆಯುತ್ತೇನೆ. "ಎಂಟು ಜನರಲ್ಲಿ ಅವನೊಬ್ಬ ಇದಾನೆ ಅಂತಾನೇ ಗೊತ್ತಾಗಲ್ಲ ಕಣೆ. ಇವಳಪ್ಪನೂ ಹೀಗೇ, ಬಾಯೇ ಬಿಡ್ತಿರಲಿಲ್ಲ. ಎರಡು ವರ್ಷ ತಡೆಯಲ್ಲ ಇದು. ವಾಪಸ್ ಬರ್ತಾಳೆ ನೋಡು. ಅದಕ್ಕೇ ಅವಳ ಕೋಣೆ ಮುಟ್ಟಿಲ್ಲ ನಾನು, ಹಾಸಿದ ಹಾಸಿಗೆ ಹಾಗೇ ಇದೆ."

ಮೊದಲಿನದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಅಪ್ಪ ಬಿಟ್ಟುಹೋದ ಮೇಲೆ ನೀನು ಒಬ್ಬಳೇ ನನ್ನನ್ನು ಬೆಳೆಸಿದವಳು, ನಿನಗೆ ಹೆದರಿಕೆ ಇರುತ್ತದೆ. ಕೊನೆಯ ಮಾತು ಮಾತ್ರ ಒಳಗೆ ಇಳಿಯುತ್ತಿಲ್ಲ. ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಮಾಡಿದ ಕಟ್ಟುಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಸಾಕು, ಹಾಕಿಸಿಕೊಂಡವರಿಗೆ ಬಾಯಿ ಮುಚ್ಚಲು ಆಗುವುದಿಲ್ಲ, ಇಡೀ ದಿನ ನಾಲಿಗೆ ಅಲ್ಲಿಗೇ ಹೋಗುತ್ತದೆ. ನನಗೆ ಆ ಮಾತು ಹಾಗಾಗಿದೆ. ನನ್ನ ಸಂಸಾರ ಮುರಿಯಲಿ ಎಂದು ನೀನು ಬಯಸುವುದಿಲ್ಲ, ಅಷ್ಟು ಗೊತ್ತು. ಆದರೆ ಮುರಿಯುತ್ತದೆ ಎಂದು ಹಾಸಿಗೆ ಹಾಸಿಕೊಂಡು ಕಾಯುತ್ತಿದ್ದೀಯ. ಅಂಥ ಮನೆಗೆ ನಾನು ಹೇಗೆ ಬಂದು ಹೋಗಲಿ?

ಅವನು ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಅವತ್ತು ರೈಲಿನಲ್ಲಿ ನಾನು ಅಳುತ್ತಿದ್ದಾಗ ಒಂದೇ ಪ್ರಶ್ನೆ ಕೇಳಿದ. ಆ ದೊಡ್ಡ ಚಿತ್ರದಲ್ಲಿ ಇಲ್ಲದೆ ಇರೋರು ಯಾರು ಎಂದು. ನೀನು ಮೊದಲ ಕೋಣೆಯಲ್ಲಿ ಒಂದು ಒಗಟು ಕಟ್ಟಿ ಕೊನೆಯ ಕೋಣೆಯಲ್ಲಿ ಬಿಚ್ಚುತ್ತೀಯಲ್ಲ, ನಾವು ನಡುವೆಯೇ ಎದ್ದು ಬಂದದ್ದರಿಂದ ಅವನಿಗೆ ಉತ್ತರ ಸಿಕ್ಕಿಲ್ಲ. ನನಗೆ ಚಿಕ್ಕಂದಿನಿಂದ ಬಾಯಿಪಾಠ, ಹೇಳುತ್ತೇನೆ ಎಂದೆ. "ಬೇಡ, ಅವರೇ ಹೇಳಲಿ. ಟಿಕೆಟ್ ತಗೊಂಡಿದ್ದು ಅವರ ಮಾತು ಕೇಳೋಕೆ" ಎಂದ.

ಜೂನ್ ಹದಿನಾಲ್ಕಕ್ಕೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಸಾಕ್ಷಿಗೆ ನಮ್ಮ ಲ್ಯಾಬಿನ ಯಜಮಾನರು ಮತ್ತು ಅವನ ಜೊತೆ ಕೆಲಸ ಮಾಡುವವನೊಬ್ಬ. ನಿನ್ನನ್ನು ಕರೆಯಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನ ಮಾಡಿಲ್ಲ. ಮಾಡಿದಾಗ ಬರೆಯುತ್ತೇನೆ. ಅಲ್ಲಿಯವರೆಗೆ ಬರಬೇಡ.

ಪುಟ್ಟಿ

&nbsp;

ಮಾರ್ಚ್ ೧೫

ಪುಟ್ಟಿ,

ಹೆತ್ತವಳನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನ ಮಾಡುವಷ್ಟು ದೊಡ್ಡವಳಾದೆ ನೀನು. ಆಗಲಿ. ಹಲ್ಲಿನ ಡಾಕ್ಟರುಗಳಿಗೆಲ್ಲ ಹಲ್ಲು ಮಾಡಿಕೊಡುವವಳು, ಅಮ್ಮನಿಗೂ ಕಚ್ಚುವುದನ್ನು ಕಲಿತಿದ್ದೀಯ.

ಕೋಣೆ ಖಾಲಿ ಮಾಡಿಲ್ಲ, ನಿಜ. ಎಲ್ಲಿಗೆ ಹಾಕಲಿ ಆ ಸಾಮಾನನ್ನು? ಮನೆಯಲ್ಲಿ ಇರುವುದೇ ಎರಡೂವರೆ ಕೋಣೆ. ಹಾಸಿಗೆ ಹಾಸಿದ್ದರೆ ಯಾರಿಗೆ ಏನು ನಷ್ಟ? ನಿಮ್ಮಪ್ಪ ಹೋದ ದಿನ ಬೆಳಿಗ್ಗೆ ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದ. ಸೋರುವುದು ನಿಂತಿತಾ ಎಂದು ಎರಡು ಸಲ ತಿರುಗಿಸಿ ನೋಡಿದ. ಆಮೇಲೆ ಕೈ ಒರೆಸಿಕೊಂಡು ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಒಂದು ಜಗಳವಿಲ್ಲ, ಒಂದು ಮಾತಿಲ್ಲ. ನೀನು ಆಗ ಒಂದನೇ ಕ್ಲಾಸು. ಅವನ ಕಡೆಯ ಹಾಸಿಗೆಯನ್ನೂ ನಾನು ಬಹಳ ಕಾಲ ತೆಗೆಯಲಿಲ್ಲ. ಜಗಳ ಆಡಿ ಹೋಗಿದ್ದರೆ ಅವತ್ತೇ ತೆಗೆಯುತ್ತಿದ್ದೆ. ಹೇಳದೆ ಹೋದವರು ಹೇಳದೆ ಬಂದರೂ ಬರಬಹುದು ಎನ್ನಿಸುತ್ತದೆ. ಇದು ನಿನಗೆ ಅರ್ಥವಾಗುವುದಿಲ್ಲ, ಅರ್ಥವಾಗುವುದೂ ಬೇಡ.

ಇವನನ್ನು ನೋಡಿದಾಗ ಅದೇ ಕೈ ಕಂಡ ಹಾಗಾಯಿತು. ಅದೇ ಸ್ಪ್ಯಾನರ್ ಹಿಡಿಯುವ ಕೈ, ಅದೇ ಮುಚ್ಚಿದ ಬಾಯಿ. ಊರಿನ ಲಿಫ್ಟೆಲ್ಲ ಸರಿ ಮಾಡುತ್ತಾನೆ, ತಾನು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದಲ್ಲಿ ನಾಲ್ಕನೇ ಮಹಡಿಯಲ್ಲಿ ಮನೆ ಮಾಡಿ ನಿನ್ನನ್ನು ಹತ್ತಿಸುತ್ತಾನಂತೆ. ಇದನ್ನು ಕೇಳಿ ಕೌಂಟರಿನವಳೂ ನಕ್ಕಳು. ಹೆದರಬೇಡ, ಆಗ ಮೈಕ್ ಆರಿತ್ತು.

ಅವನ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಕೊಡುವುದಿಲ್ಲ. ಅದು ಚಿತ್ರದ ಮುಂದೆ ನಿಂತು ಕೇಳುವಂಥದ್ದು. ಅಷ್ಟು ತವಕ ಇದ್ದರೆ ಇನ್ನೊಂದು ಟಿಕೆಟ್ ತೆಗೆದುಕೊಂಡು ಬರಲಿ. ಅಳಿಯನಾಗುವವನು ಎಂದು ಬಿಟ್ಟಿ ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ.

ನಿನ್ನ ಅಮ್ಮ

&nbsp;

ಏಪ್ರಿಲ್ ೨೭

ಪುಟ್ಟಿ,

ನೀನು ಬರಬೇಡ ಎಂದೆ, ನಾನು ಬರಲಿಲ್ಲ. ನೀನು ಬರೆಯಲೂ ಇಲ್ಲ. ಈ ನಡುವೆ ಎರಡು ಕಾಗದ ಬರೆದು ಹರಿದುಹಾಕಿದೆ. ಇದನ್ನು ಹರಿಯಲು ಸಾಧ್ಯವಿಲ್ಲ, ಇದರಲ್ಲಿ ಸುದ್ದಿಯಿದೆ. ಅವನು ಬಂದಿದ್ದ.

ಬಂದದ್ದನ್ನು ನಿನಗೆ ಹೇಳಬೇಡಿ ಎಂದು ಬೇಡಿಕೊಂಡು ಹೋಗಿದ್ದಾನೆ. ಯಾವುದೋ ಆಸ್ಪತ್ರೆಯ ಲಿಫ್ಟ್ ಕೆಟ್ಟಿದೆ ಎಂದು ನಿನಗೆ ಸುಳ್ಳು ಹೇಳಿ ರೈಲು ಹತ್ತಿದನಂತೆ. ನನ್ನ ಬಾಯಲ್ಲಿ ಗುಟ್ಟು ನಿಲ್ಲುತ್ತದೆ ಎಂದು ನಂಬುವಷ್ಟು ಮುಗ್ಧ. ಅದಕ್ಕೇ ಹೇಳುತ್ತಿದ್ದೇನೆ, ಬೈಯಬೇಡ.

ಮಂಗಳವಾರ ಬೆಳಗಿನ ಗುಂಪು. ನಾನು ಹೆಸರು ಓದುವವಳಲ್ಲ, ಬಾಗಿಲು ಬಾಗಿಲಿಗೆ ತಲೆ ಎಣಿಸುವವಳು. ಎಂಟು ಇದ್ದವು. ಮೊದಲ ಕೋಣೆಯಲ್ಲಿ ಆ ದೊಡ್ಡ ಚಿತ್ರದ ಮುಂದೆ ನಿಂತು ನನ್ನ ಪಾಠ ಶುರು ಮಾಡಿದೆ. ನಸುಕಿನಲ್ಲಿ ಮನೆ ಬಿಟ್ಟು ಹೊರಟ ಎಳೆಯ ಸಂತ, ಹೊಸ್ತಿಲ ಮೇಲೆ ಮುಖ ಮುಚ್ಚಿಕೊಂಡ ಅಪ್ಪ, ಅಣ್ಣಂದಿರು, ಕೊಡ ಕೆಳಗಿಟ್ಟು ನಿಂತ ಅಕ್ಕಪಕ್ಕದವರು, ನಿಲುವಂಗಿಯ ಚುಂಗು ಕಚ್ಚಿ ಎಳೆಯುತ್ತಿರುವ ನಾಯಿ. ಇಷ್ಟು ಜನರಲ್ಲಿ ಇರಲೇಬೇಕಾದ ಒಬ್ಬರು ಇಲ್ಲ, ಯಾರು ಹೇಳಿ ಎಂದೆ. ಒಬ್ಬರು ಗುರು ಎಂದರು, ಒಬ್ಬರು ಹೆಂಡತಿ ಎಂದರು. ಒಬ್ಬ ಮೇಷ್ಟ್ರು, ಚಿತ್ರ ಬರೆದೋನೇ ಇಲ್ವಲ್ಲ, ಎಂದು ತಾವೇ ನಕ್ಕರು. ಕೊನೆಯ ಕೋಣೆಯಲ್ಲಿ ಹೇಳುತ್ತೇನೆ ಎಂದು ಮುಂದೆ ಹೊರಟೆ.

ಚಿನ್ನದ ದೇವದೂತರಾದರು, ಮೂಗು ಮುರಿದ ಕಲ್ಲಿನ ತಲೆಗಳಾದವು. ಪ್ರತಿ ಬಾಗಿಲಲ್ಲೂ ಎಂಟು. ಹಳೆಯ ಪ್ರಾರ್ಥನಾ ಮಂದಿರದ ಗೋಡೆಯನ್ನೇ ಗಾರೆ ಸಮೇತ ಕಿತ್ತು ತಂದಿಟ್ಟ ಕತ್ತಲೆ ಕೋಣೆ ಇದೆಯಲ್ಲ, ಅಲ್ಲಿ ಒಬ್ಬ ಹೆಂಗಸಿನ ಇಯರ್‌ಫೋನ್ ಸತ್ತುಹೋಯಿತು. ನಾನು ಬೇರೆ ಕೊಡಲು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು. ಬ್ಯಾಟರಿ ಬಿಚ್ಚಿತು, ಒಳಗೆ ಏನನ್ನೋ ಉಗುರಿನಿಂದ ಒತ್ತಿತು, ಮುಚ್ಚಿ ವಾಪಸ್ ಕೊಟ್ಟಿತು. ಆಕೆ ಕೇಳ್ತಿದೆ ಎಂದು ತಲೆಯಾಡಿಸಿದಳು. ನಾನು ಕೈ ನೋಡಿದೆ, ಆಮೇಲೆ ಮುಖ ನೋಡಿದೆ. ಅವನೇ.

ಅಷ್ಟು ಹೊತ್ತು ನನ್ನ ಜೊತೆಗೇ ಇದ್ದ, ಪುಟ್ಟಿ. ಎಂಟು ಜನರಲ್ಲಿ ಇದ್ದಾನೆ ಅಂತಲೇ ಗೊತ್ತಾಗಲ್ಲ ಎಂದು ನಾನು ಆಡಿಕೊಂಡಿದ್ದೆ, ನನ್ನ ಎರಡು ಕಣ್ಣಿಂದ ಅದನ್ನು ನಾನೇ ನಿಜ ಮಾಡಿ ತೋರಿಸಿದೆ. ಅವನು ಏನೂ ಆಗದವನ ಹಾಗೆ ಗೋಡೆಯ ಚಿತ್ರದ ಕಡೆ ಬೆರಳು ತೋರಿಸಿದ, ನಡೀರಿ ಮುಂದೆ ಎನ್ನುವ ಹಾಗೆ. ನಡೆದೆ. ಅಂಗಳದಲ್ಲಿ ನೀರಿಗೆ ಬಿಟ್ಟಾಗ ಕೌಂಟರಿನವಳು ಅವನನ್ನು ಗುರುತಿಸಿ ಕೋಟುಗಳ ಹಿಂದೆ ಅಡಗಿಕೊಂಡಳು.

ಕೊನೆಯ ಕೋಣೆಗೆ ಬಂದೆವು. ಅಲ್ಲಿ ಆ ಉದ್ದನೆಯ ಪಟ್ಟಿಯಂಥ ಚಿತ್ರ. ದೊಡ್ಡ ಚಿತ್ರವನ್ನು ಹಿಂದೊಮ್ಮೆ ಚಿಕ್ಕ ಗೋಡೆಗೆ ತಂದಾಗ ಬಾಗಿಲಿಗೆ ಅಡ್ಡವಾಯಿತೆಂದು ಅಂಚನ್ನು ಕತ್ತರಿಸಿದ್ದರು, ಆ ತುಂಡು ಎಷ್ಟೋ ಕಾಲದ ಮೇಲೆ ಉಗ್ರಾಣದಲ್ಲಿ ಸಿಕ್ಕಿತು ಎಂದು ಹೇಳಿದೆ. ಅದರಲ್ಲಿ ಇರುವುದು ಅದೇ ಮನೆಯ ಒಳಕೋಣೆ, ಅಲ್ಲಿ ಒಬ್ಬಳೇ ಅಮ್ಮ, ಬಗ್ಗಿ ಹಾಸಿಗೆಯ ಮೇಲೆ ಎರಡೂ ಕೈಯಿಟ್ಟಿದ್ದಾಳೆ. ನಾನು ವರ್ಷಗಟ್ಟಲೆ ಹೇಳಿದ್ದನ್ನೇ ಹೇಳಿದೆ. ಎಲ್ಲರೂ ಬೀಳ್ಕೊಡಲು ಬಾಗಿಲಿಗೆ ಹೋದರು, ಅಮ್ಮ ಮಾತ್ರ ಒಳಗೆ ಮಗನ ಹಾಸಿಗೆ ಹಾಸುತ್ತಿದ್ದಾಳೆ, ಅವನು ತಿರುಗಿ ಬಂದೇ ಬರುತ್ತಾನೆಂದು ಅವಳಿಗೆ ಗೊತ್ತು, ಎಂದು. ಇಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಾರೆ. ಅವತ್ತೂ ಇಬ್ಬರು ಒರೆಸಿಕೊಂಡರು.

ಅವನು ಇಸ್ಕೂಲಿನವರ ಹಾಗೆ ಕೈಯೆತ್ತಿದ. "ಮೇಡಂ, ಅವರು ಹಾಸಿಗೆ ಹಾಸ್ತಿದಾರಾ, ಸುತ್ತುತಿದಾರಾ?"

ಕುಹಕವಿರಲಿಲ್ಲ ಕಣೆ ಆ ದನಿಯಲ್ಲಿ. ಸುಮ್ಮನೆ ಗೊತ್ತಾಗದೆ ಕೇಳಿದ್ದು. ಹಾಸ್ತಿದಾರೆ ಎಂದುಬಿಟ್ಟೆ. ಆಮೇಲೆ ಚಿತ್ರ ನೋಡಿದೆ. ಹಾಸಿಗೆ ಅರ್ಧ ಬಿಚ್ಚಿದೆ, ಅರ್ಧ ಸುರುಳಿಯಾಗಿದೆ. ಕೈ ತಳ್ಳುತ್ತಿದೆಯೋ ಎಳೆಯುತ್ತಿದೆಯೋ ಹೇಳಲು ಬಾರದು. ಬೆಳಗಾಗೆದ್ದು ಯಾರು ಹಾಸಿಗೆ ಹಾಸ್ತಾರೆ, ಸುತ್ತುತಿರೋದೇ ಎಂದು ಒಬ್ಬರೆಂದರು. ಸುತ್ತೋರು ದಿಂಬು ಮೊದಲು ತೆಗೀತಾರೆ, ದಿಂಬು ಅಲ್ಲೇ ಇದೆ ನೋಡಿ ಎಂದು ಇನ್ನೊಬ್ಬರು. ಮೇಷ್ಟ್ರು ಕನ್ನಡಕ ಏರಿಸಿ ನಡುವೆ ನುಗ್ಗಿದರು. ಎಲ್ಲರೂ ತಂತಮ್ಮ ಮನೆಯ ಹಾಸಿಗೆಯ ವಿಷಯ ತೆಗೆದರು, ಕಾವಲಿನವನು ಬಂದು ಸದ್ದು ಮಾಡಬೇಡಿ ಎಂದ. ಇಷ್ಟು ವರ್ಷ ಸಾವಿರಾರು ಜನರ ಕಿವಿಯಲ್ಲಿ ಅವಳು ಹಾಸುತ್ತಿದ್ದಾಳೆ ಎಂದು ಊದಿದ್ದೇನೆ. ಯಾರೂ ನನಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ನಾನೇ ಕಟ್ಟಿದ್ದು.

ಆಮೇಲೆ ಮಾಡಿದ್ದನ್ನು ಕೇಳು. ಕಾಲರಿನ ಮೈಕ್ ಮುಟ್ಟಿ ನೋಡಿದೆ. ಹತ್ತಿತ್ತು. ಹತ್ತಿದೆ ಎಂದು ನನಗೆ ಗೊತ್ತಿತ್ತು. "ಈ ಪ್ರಶ್ನೆ ಕೇಳಿದವರು ನನ್ನ ಮಗಳನ್ನ ಮದುವೆ ಆಗೋರು. ಹೋದ ಸಲ ಇವರು ಬಂದಾಗ ಇದೇ ಮೈಕಲ್ಲಿ ಇವರನ್ನ ಹೀನಾಯವಾಗಿ ಮಾತಾಡಿದೆ. ಇವರು ಕೇಳಿಸ್ಕೊಂಡ್ರು. ಅದು ನನ್ನ ತಪ್ಪು" ಎಂದೆ. ಎಂಟೂ ಜನರ ಕಿವಿಗೆ ಬಿತ್ತು. ಜನಕ್ಕೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ಚಿತ್ರ ನೋಡಿದರು. ಇಯರ್‌ಫೋನಿನ ಹೆಂಗಸು ಮಾತ್ರ ನನ್ನ ಭುಜ ತಟ್ಟಿದಳು. ಅವನು ಕೆಂಪಗಾಗಿ ನೆಲ ನೋಡುತ್ತಾ ನಿಂತ.

ಹೊರಡುವಾಗ ವೈರು ಸುತ್ತಿ ಕೈಗೆ ಕೊಟ್ಟ. ಊಟ ಮಾಡಿಕೊಂಡು ಹೋಗಿ ಎಂದೆ, ರೈಲಿದೆ ಎಂದ. ಆಸ್ಪತ್ರೆಯ ಸುಳ್ಳನ್ನು ಒಪ್ಪಿಕೊಂಡು, ಪುಟ್ಟಿಗೆ ಹೇಳಬೇಡಿ ಎಂದು ಬೇಡಿಕೊಂಡ, ಅಷ್ಟೇ ಅವನ ಮಾತು. ನನಗೆ ಸಿಟ್ಟೂ ಬರಲಿಲ್ಲ, ಅದೇ ಆಶ್ಚರ್ಯ.

ನಿನ್ನ ಅಮ್ಮ

&nbsp;

ಮೇ ೪

ಅಮ್ಮಾ,

ನಿನ್ನ ಕಾಗದ ಓದಿ ಅವನ ಮುಂದೆ ಕೂತು, ಆಸ್ಪತ್ರೆ ಲಿಫ್ಟ್ ಸರಿಹೋಯ್ತಾ, ಎಂದು ಕೇಳಿದೆ. ಹೂಂ ಎಂದ. ಎಷ್ಟನೇ ಮಹಡಿವರೆಗೆ ಹೋಗುತ್ತದೆ ಎಂದೆ. ಆಗ ಸಿಕ್ಕಿಬಿದ್ದೆ ಎಂದು ಗೊತ್ತಾಗಿ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದ. ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು.

ನನಗೆ ಸುಳ್ಳು ಹೇಳಿ ಹೋದದ್ದಕ್ಕೆ ಅವನ ಮೇಲೆ ಸಿಟ್ಟು. ಅವನೊಡನೆ ಸೇರಿಕೊಂಡು ಅರ್ಧ ದಿನ ಕಳೆದದ್ದಕ್ಕೆ ನಿನ್ನ ಮೇಲೆ ಸಿಟ್ಟು. ಹಾಗೆ ಸಿಟ್ಟು ಮಾಡಿಕೊಂಡೇ ಮೂರು ಸಲ ಓದಿದೆ.

ಎಲ್ಲರೆದುರು ಅವನಲ್ಲಿ ತಪ್ಪು ಒಪ್ಪಿಕೊಂಡೆ. ನೀನು ಹಾಗೆ ಮಾಡುತ್ತೀಯ ಎಂದು ನಾನು ಎಣಿಸಿರಲಿಲ್ಲ. ಆದರೆ ಅಮ್ಮ, ಹಾಸಿಗೆಯ ಮಾತು ಅವನ ಬಗ್ಗೆ ಆಡಿದ್ದಲ್ಲ. ನನ್ನ ಬಗ್ಗೆ ಆಡಿದ್ದು. ಆ ಕೊನೆಯ ಕೋಣೆಯಲ್ಲಿ ನಿನ್ನ ಪಾಠ ಕೇಳಿದಾಗಲೆಲ್ಲ ಬೇರೆಯವರು ಅಳುತ್ತಿದ್ದರು, ನನಗೆ ಮಾತ್ರ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಯಾಕೆಂದು ಚಿಕ್ಕವಳಿದ್ದಾಗ ಗೊತ್ತಾಗುತ್ತಿರಲಿಲ್ಲ.

ಅವನು ಕೇಳಿದ್ದನ್ನೇ ನಾನೂ ಕೇಳುತ್ತೇನೆ. ಹಾಸುತ್ತಿದ್ದೀಯೋ, ಸುತ್ತುತ್ತಿದ್ದೀಯೋ? ಚಿತ್ರದಲ್ಲಿ ಅಲ್ಲ, ಮನೆಯಲ್ಲಿ.

ಪುಟ್ಟಿ

&nbsp;

ಮೇ ೨೨

ಪುಟ್ಟಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಕೂಡಲೇ ಉತ್ತರ ಬರೆದಿದ್ದರೆ ಸುಳ್ಳಾಗುತ್ತಿತ್ತು. ಮೊದಲು ಮಾಡಿ ಆಮೇಲೆ ಬರೆಯೋಣ ಎಂದುಕೊಂಡೆ. ನನ್ನ ಜನ್ಮದಲ್ಲಿ ಇದೇ ಮೊದಲು.

ನಿನ್ನ ಕೋಣೆಯ ಬಾಗಿಲಿನವರೆಗೆ ಹೋಗುವುದು, ತಿರುಗಿ ಬಂದು ಟೀ ಕಾಸುವುದು, ಇದೇ ಆಯಿತು ಒಂದು ವಾರ. ಕೊನೆಗೆ ರಜೆಯ ದಿನ ಕಪಾಟಿನಿಂದ ಶುರು ಮಾಡಿದೆ. ನಿನ್ನ ಹಳೆಯ ಸ್ವೆಟರುಗಳು, ನೀನು ಕೆಲಸ ಕಲಿಯುವಾಗ ಪ್ಲಾಸ್ಟರಿನಲ್ಲಿ ಮಾಡಿದ ವಕ್ರವಕ್ರ ಹಲ್ಲಿನ ಸಾಲು. ಅದನ್ನು ನೋಡಿ ನಗು ಬಂತು, ಅದನ್ನು ನಾನು ಕೊಡುವುದಿಲ್ಲ, ಟೀವಿ ಮೇಲೆ ಇಟ್ಟಿದ್ದೇನೆ. ಉಳಿದದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿದೆ.

ಹಾಸಿಗೆ ಮಾತ್ರ ಒಬ್ಬಳ ಕೈಲಿ ಆಗಲಿಲ್ಲ. ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಸುತ್ತಿ ಮೇಲೆ ಕೂತೆ, ಹಗ್ಗ ಕೈಗೆ ಸಿಗದಷ್ಟು ದೂರ ಇತ್ತು. ಎದ್ದರೆ ಮತ್ತೆ ಬಿಚ್ಚಿಕೊಂಡಿತು. ಹಾಗೇ ಅದರ ಮೇಲೆ ಕೂತು ಅತ್ತುಬಿಟ್ಟೆ. ನೀನು ಮದುವೆಯಾಗುತ್ತಿರುವುದಕ್ಕಲ್ಲ. ನೀನು ಕೆಲಸಕ್ಕೆಂದು ಊರು ಬಿಟ್ಟು ನಾಲ್ಕು ವರ್ಷವಾಯಿತು, ನನ್ನ ಪಾಲಿಗೆ ನೀನು ಹೋದದ್ದು ಈ ಹಾಸಿಗೆ ಸುತ್ತಿದ ದಿನವೇ. ಅಳು ಮುಗಿದ ಮೇಲೆ ಕೆಳಗಿನ ಟೈಲರನ್ನು ಕೂಗಿದೆ. ಅವನು ಹಗ್ಗ ಬಿಗಿದು ಕಟ್ಟಿಕೊಟ್ಟ. ಮಗಳ ಹಾಸಿಗೆ ಎಂದೆ. ಅವನು ಏನೂ ಕೇಳಲಿಲ್ಲ, ಮೊದಲ ಸಲ.

ಕೋಣೆ ಈಗ ಖಾಲಿ. ಒಳಗೆ ಹೋಗಿ ಕೆಮ್ಮಿದರೆ ಗೋಡೆಯೂ ಕೆಮ್ಮುತ್ತದೆ. ಸುತ್ತಿದ ಹಾಸಿಗೆಯನ್ನು ಹಜಾರದ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಬಂದವರು ಹೋಗದೆ ನಿಂತ ಹಾಗೆ ನಿಂತಿದೆ. ಹೋಗುವಾಗ ಬರುವಾಗ ಅದಕ್ಕೆ ಡಿಕ್ಕಿ ಹೊಡೆಯುತ್ತೇನೆ. ಹಾಸಲು ಮನಸ್ಸಿಲ್ಲ, ಯಾರಿಗಾದರೂ ಕೊಟ್ಟುಬಿಡಲೂ ಕೈ ಬರುತ್ತಿಲ್ಲ.

ಎರಡು ವರ್ಷ ತಡೆಯಲ್ಲ ಎಂದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹೆದರಿಕೆ ಹೋಗಿದೆ ಎಂದು ಹೇಳುವುದಿಲ್ಲ, ಹೋಗಿಲ್ಲ. ಅದು ನನ್ನದು, ನಾನೇ ಇಟ್ಟುಕೊಳ್ಳುತ್ತೇನೆ. ನಿನ್ನ ಹೆಗಲಿಗೆ ಹಾಕುವುದಿಲ್ಲ.

ಕೊನೆಯ ಕೋಣೆಯಲ್ಲಿ ಈಗ ಪಾಠ ಬದಲಾಯಿಸಿದ್ದೇನೆ. ಅಮ್ಮ ಏನು ಮಾಡ್ತಿದಾಳೆ, ನೀವೇ ನೋಡಿ ಹೇಳಿ ಎಂದು ಸುಮ್ಮನಾಗುತ್ತೇನೆ. ಅಲ್ಲಿ ಮೈಕಿನಲ್ಲಿ ಸದ್ದೇ ಬರಲ್ಲ, ಯಂತ್ರ ಕೆಟ್ಟಿರಬೇಕು ಎಂದು ಯಾರೋ ಮ್ಯಾನೇಜರಿಗೆ ಹೇಳಿದ್ದಾರೆ. ಅವನು ಮತ್ತೆ ಕರೆದಿದ್ದ. ನಾನು ಸುಮ್ಮನಿದ್ದೆ ಎಂದರೆ ಅವನು ನಂಬಲೇ ಇಲ್ಲ.

ಮದುವೆಗೆ ಕರೆ ಎಂದು ಕೇಳುವುದಿಲ್ಲ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು, ಅಷ್ಟೇ.

ನಿನ್ನ ಅಮ್ಮ

&nbsp;

ಜೂನ್ ೩

ಅಮ್ಮಾ,

ನಿನ್ನ ಈ ಕಾಗದದಲ್ಲಿ ಎಲ್ಲಿಯಾದರೂ ‘ಆದರೆ’ ಎಂದು ಇದೆಯೋ ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ.

ಹದಿಮೂರರ ಸಂಜೆಯ ರೈಲಿಗೆ ಬಾ. ಮಾರನೆಯ ದಿನ ಬೆಳಿಗ್ಗೆ ಕಚೇರಿ. ಲ್ಯಾಬಿನ ಯಜಮಾನರಿಗೆ ಹೇಳಿದ್ದೇನೆ, ಅವರು ಬಂದು ಚಪ್ಪಾಳೆ ತಟ್ಟಿದರೆ ಸಾಕು. ನನ್ನ ಕಡೆಯ ಸಾಕ್ಷಿ ನೀನು. ಗುರುತಿನ ಚೀಟಿ ಮರೆಯಬೇಡ. ರಿಜಿಸ್ಟ್ರಾರರಿಗೆ ಕಚೇರಿಯ ಗೋಡೆಯ ಬಗ್ಗೆ ಪಾಠ ಮಾಡಬೇಡ.

ಆ ಹಾಸಿಗೆಯನ್ನು ಯಾರಿಗೂ ಕೊಡಬೇಡ. ಹಗ್ಗ ಬಿಚ್ಚದೆ ಹಾಗೇ ತೆಗೆದುಕೊಂಡು ಬಾ. ಟೈಲರ್ ರೈಲಿಗೆ ಹತ್ತಿಸಲಿ, ಇಲ್ಲಿ ನಾವು ಇಳಿಸಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಹಾಸಿಗೆ. ಆ ಕಡೆಯ ಚಿಕ್ಕ ಕೋಣೆಯಲ್ಲಿ ಹಾಸೋಣ. ಅದು ನನಗಲ್ಲ, ನೀನು ಬಂದಾಗ ಮಲಗಲು. ನೀನು ಹೋದ ಮೇಲೆ ನಾನು ಸುತ್ತಿಡುವುದಿಲ್ಲ, ಅದಕ್ಕೆ ನೀನು ಏನೂ ಅನ್ನಬಾರದು.

ಪುಟ್ಟಿ

ಇವನೂ ಎರಡು ಸಾಲು ಬರೆಯುತ್ತಾನಂತೆ. ಪೆನ್ನು ಹಿಡಿದು ಕೂತು ಆಗಲೇ ತುಂಬ ಹೊತ್ತಾಯಿತು:

ಅತ್ತೆಯವರಿಗೆ ನಮಸ್ಕಾರ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಾಸಿಗೆ ನಾನು ಹೊರುತ್ತೇನೆ, ನೀವು ನಿಧಾನವಾಗಿ ಮಾತಾಡುತ್ತಾ ಹತ್ತಿ.

ಎಂಟನೆಯವನು